ಜೈಸಲ್ಮೇರ್ ಕೋಟೆಯ ಗಟಾರ, ಗೋಡೆ, ಕೆರೆ: ಒಳಗೆ ಇರುವವರ ಮಾತು ಯಾರು ಕೇಳಬೇಕು?

ಗದಗಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಗಾಳಿಯಂತ್ರ ರಿಪೇರಿ ಕೆಲಸದಲ್ಲಿದ್ದಾರೆ. ಗದಗದಿಂದ ವರ್ಗವಾಗಿ ಜೈಸಲ್ಮೇರ್‌ಗೆ ಬಂದೆವು. ಬಾಡಿಗೆ ಮನೆ ಸಿಕ್ಕಿದ್ದು ಕೋಟೆಯೊಳಗೆ, ಕುಂಡ್ ಪಾಡಾ ಓಣಿಯಲ್ಲಿ. ಫೋಟೋ ನೋಡಿದವರೆಲ್ಲ "ಚಿನ್ನದ ಕೋಟೆಯಲ್ಲಿ ಇದ್ದೀರಿ, ಪುಣ್ಯವಂತರು" ಅನ್ನುತ್ತಾರೆ. ಊರು ಚೆಂದ, ಜನ ಇನ್ನೂ ಚೆಂದ. ಆದರೆ ಇಲ್ಲಿ ದಿನಾ ಬದುಕುವವರ ಕಷ್ಟ ಫೋಟೋದಲ್ಲಿ ಬರುವುದಿಲ್ಲ. ಅದನ್ನೇ ಬರೆಯೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ.

ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಮೊಣಕಾಲೆತ್ತರದ ತನಕ ಯಾವಾಗಲೂ ಹಸಿ. ಮೇ ತಿಂಗಳ ಬಿಸಿಲಲ್ಲೂ ಹಸಿ. ಕಲ್ಲಿನ ಮೇಲೆ ಬಿಳಿ ಉಪ್ಪು ಏಳುತ್ತದೆ. ಕೈಯಿಂದ ಸವರಿದರೆ ಹಳದಿ ಪುಡಿ ಉದುರುತ್ತದೆ. ಒಂದು ಕಡೆ ಬೆರಳು ಹೋಗುವಷ್ಟು ಕಲ್ಲು ಸವೆದಿದೆ. ಮನೆ ಒಡತಿ ಅಜ್ಜಿಯನ್ನು ನಾವು ಮಾಜೀಸಾ ಅನ್ನುತ್ತೇವೆ. ಅವರು ಮದುವೆಯಾಗಿ ಬಂದಾಗ ಈ ಗೋಡೆ ಒಣಗಿಯೇ ಇತ್ತಂತೆ. ಆಗ ಮನೆಗೆ ನೀರು ಬರುತ್ತಿದ್ದದ್ದು ಗಡೀಸರ ಕೆರೆಯಿಂದ, ತಲೆಯ ಮೇಲಿನ ಕೊಡದಲ್ಲಿ. ಪಾತ್ರೆ ತೊಳೆದ ನೀರೂ ಗಿಡಕ್ಕೋ ಆಕಳಿಗೋ ಹೋಗುತ್ತಿತ್ತು. ಆಮೇಲೆ ನಲ್ಲಿ ಬಂತು. ಪಾಯಖಾನೆ ಬಂತು, ಷವರ್ ಬಂತು, ಮಾಳಿಗೆ ಮೇಲೆ ಸಿಂಟೆಕ್ಸ್ ಬಂತು. ಬಳಸಿದ ನೀರು ಹೋಗುವ ದಾರಿಯ ಬಗ್ಗೆ ಮಾತ್ರ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ಪಕ್ಕದ ಓಣಿಯವರ ಜೊತೆ ಸೇರಿ ಸ್ಥಳೀಯ ಕಚೇರಿಯೊಂದಕ್ಕೆ ಹೋಗಿ ಬಂದೆ. ಅವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿಯವರು "ಇದು ಸಂರಕ್ಷಿತ ಸ್ಮಾರಕ, ನಾವು ಗುದ್ದಲಿ ಮುಟ್ಟುವ ಹಾಗಿಲ್ಲ" ಅಂದರು. ಗಟಾರ ಕಟ್ಟಿಕೊಂಡರೆ ಯಾರು ತೆಗೆಯಬೇಕು ಅನ್ನುವ ಪ್ರಶ್ನೆಗೇ ಉತ್ತರ ಇಲ್ಲ. ಪ್ರವಾಸಿಗರು ಬರುವ ದೊಡ್ಡ ಚೌಕಕ್ಕೆ ಬಣ್ಣದ ದೀಪ ಬರುತ್ತದೆ, ಹಿಂದಿನ ಓಣಿಯ ಕಿತ್ತುಹೋದ ಫರಸಿ ಹಾಗೇ ಇರುತ್ತದೆ.

ನೀರು, ಗಟಾರ, ಹಳೆ ಕಟ್ಟಡಗಳ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬೆಂಗಳೂರು ಸುತ್ತಾಟ

ಅಕ್ಕ, ಕಳೆದ ಚಳಿಗಾಲದಲ್ಲಿ ಬಂದಿದ್ದೆ. ಕೋಟೆ ಅದ್ಭುತ. ಆದರೆ ಒಳಗೆ ನಡೆಯುವಾಗ ಬೈಕು, ದನ, ತೆರೆದ ಮೋರಿ, ಪ್ರತಿ ಗೋಡೆಗೂ ಅಂಗಡಿ ಬಟ್ಟೆ ನೇತು ಹಾಕಿದ್ದು ನೋಡಿ ಬೇಜಾರಾಯ್ತು. ಜನರಿಗೆ ಒಳ್ಳೆ ಪರಿಹಾರ ಕೊಟ್ಟು ಹೊರಗೆ ಮನೆ ಕಟ್ಟಿಸಿಕೊಟ್ಟರೆ ಕೋಟೆ ಉಳಿಯುತ್ತೆ ಅಲ್ವಾ? ಇದು ವಿಶ್ವ ಪರಂಪರೆಯ ತಾಣ. ಕೆಲವು ವಿದೇಶಿ ಪ್ರವಾಸಿ ಕೈಪಿಡಿಗಳೇ ಕೋಟೆಯೊಳಗಿನ ಹೋಟೆಲ್‌ನಲ್ಲಿ ಉಳಿಯಬೇಡಿ ಅನ್ನುತ್ತವೆ. ನಾನೂ ಅದಕ್ಕೇ ಹೊರಗೆ ಉಳಿದೆ.

ಗದಗಿನ ಮಗಳು

ನೀವು ಹೊರಗೆ ಉಳಿದದ್ದು ಒಳ್ಳೇದಾಯ್ತು. ಅತಿಥಿಗಳು ಸ್ನಾನ ಮಾಡಿದ ನೀರೂ ಇದೇ ಗುಡ್ಡದ ಮೇಲೇ ಬೀಳುವುದು.

ಆದರೆ ಜನರನ್ನು ಕಳಿಸುವ ಮಾತು ನನಗೆ ಒಪ್ಪಿಗೆ ಇಲ್ಲ. ರಾವಲ್ ಜೈಸಲ್ 1156ರಲ್ಲಿ ಈ ಊರು ಕಟ್ಟಿದ. ಆಗ ಕೋಟೆಯೇ ಊರು. ಇವತ್ತಿಗೂ ಸಾವಿರಾರು ಜನ ಒಳಗೆ ಇದ್ದಾರೆ. ಲಕ್ಷ್ಮೀನಾಥ ದೇವಸ್ಥಾನದಲ್ಲಿ ಬೆಳಿಗ್ಗೆ ಪೂಜೆ ಆಗುತ್ತದೆ, ಜೈನ ಬಸದಿಗಳಲ್ಲಿ ಪೂಜೆ ಆಗುತ್ತದೆ. ಮಕ್ಕಳು ಹವಾ ಪೋಲ್ ಬಾಗಿಲಿಂದ ಇಳಿದು ಶಾಲೆಗೆ ಹೋಗುತ್ತಾರೆ. 2013ರಲ್ಲಿ ಯುನೆಸ್ಕೊ ರಾಜಸ್ಥಾನದ ಆರು ಗುಡ್ಡದ ಕೋಟೆಗಳನ್ನು ಪಟ್ಟಿಗೆ ಸೇರಿಸಿತಲ್ಲ, ಚಿತ್ತೋಡ್, ಕುಂಭಲ್‌ಗಡ್, ರಣಥಂಬೋರ್, ಗಾಗ್ರೋನ್, ಆಮೇರ್ ಜೊತೆ ಇದೂ ಒಂದು. ಜೈಸಲ್ಮೇರ್‌ಗೆ ಹೆಸರು ಬಂದಿರುವುದೇ ಜನ ಇರುವ ಕೋಟೆ ಅಂತ.

ಇನ್ನೊಂದು ವಿಷಯ. ಮಳೆಗಾಲ ಬರುವ ಮೊದಲು ಮಾಜೀಸಾ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ ತಟ್ಟಿಸುತ್ತಾರೆ. ನಮ್ಮ ಕಡೆ ಮೇಲ್ಮುದ್ದಿ ಮನೆಗೆ ಮಾಡಿದ ಹಾಗೇ. ಯಾವ ಮೂಲೆ ಸೋರುತ್ತೆ, ಯಾವ ಕಲ್ಲು ಜಾರಿದೆ ಅನ್ನುವುದು ಅವರಿಗೆ ಗೊತ್ತು. ಬೀಗ ಹಾಕಿ ಹೋದ ಪಕ್ಕದ ಮನೆಯ ಮಾಳಿಗೆ ಯಾರೂ ನೋಡದೇ ಕುಸಿದು, ನೀರು ಒಳಗೇ ಇಂಗುತ್ತಿದೆ. ಅದರ ಹಸಿ ನಮ್ಮ ಗೋಡೆಗೂ ಬಂದಿದೆ.

ಧಾರವಾಡ ನಿವೃತ್ತ ಇಂಜಿನಿಯರ್

ತಂಗಿ, ನೀರು ಸರಬರಾಜು ಕೆಲಸದಲ್ಲೇ ಜೀವನ ಕಳೆದವನು ನಾನು. ಜೈಸಲ್ಮೇರ್ ವಿಷಯ ಮೊದಲಿಂದ ಗಮನಿಸಿದ್ದೇನೆ. ನಮ್ಮ ವೃತ್ತಿಯವರೆಲ್ಲ ಓದಿ ತಿಳಿಯಬೇಕಾದ ಉದಾಹರಣೆ ಅದು.

ಕೋಟೆ ನಿಂತಿರುವ ತ್ರಿಕೂಟ ಗುಡ್ಡ ಮೇಲಿಂದ ಕೆಳಗಿನ ತನಕ ಒಂದೇ ಗಟ್ಟಿ ಬಂಡೆ ಅಲ್ಲ. ಮರಳುಗಲ್ಲಿನ ಪದರಗಳ ನಡುವೆ ಜೇಡಿಮಣ್ಣು, ಶೇಲ್ ಅನ್ನುವ ಮೆತ್ತನೆ ಕಲ್ಲಿನ ಪದರಗಳಿವೆ. ನಿಮ್ಮ ಗದಗಿನ ಎರೆಹೊಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತಲ್ಲ, ಆ ಮಣ್ಣಿಗೂ ಅದೇ ಗುಣ. ಒಣಗಿದ್ದರೆ ಎಂಟು ಶತಮಾನ ಭಾರ ಹೊರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಜಾರುತ್ತದೆ, ಮೇಲಿರುವುದನ್ನೆಲ್ಲ ಹೊರಕ್ಕೆ ತಳ್ಳುತ್ತದೆ. ಕೋಟೆಗೆ 99 ಬುರುಜು. ಅವು ನಿಂತಿರುವುದು ಈ ಗುಡ್ಡದ ಅಂಚಿನಲ್ಲೇ. ಕೆಳಗೆ ಇಳಿಜಾರನ್ನು ಹಿಡಿದು ನಿಲ್ಲಿಸಲು ಪಿಚಿಂಗ್ ಗೋಡೆ ಇದೆ. 1998ರಲ್ಲಿ ಹೊರಗೋಡೆ ಕುಸಿದು ಆರು ಜನ ಸತ್ತರು. ಅದರ ಬೆನ್ನಿಗೇ ಕೆಲವು ಬುರುಜುಗಳೂ ಬಿದ್ದವು. 2024ರ ಆಗಸ್ಟ್ ಮಳೆಯಲ್ಲಿ ಮತ್ತೆ ಗೋಡೆಯ ಒಂದು ಭಾಗ ರಸ್ತೆಗೆ ಬಿತ್ತು. ಹಳೆ ಸ್ಮಾರಕ ಉಳಿಸುವ ಕೆಲಸ ಮಾಡುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನುವ ಸಂಸ್ಥೆ 1996, 1998, 2000 ಮೂರೂ ಬಾರಿ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತ್ತು. ಎಚ್ಚರಿಕೆ ಸಿಗಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಹಳಬರು ಮಳೆ ನೀರಿಗೆ ದಾರಿ ಮಾಡಿದ್ದರು. ಘೂಟ್ ನಾಲಿ ಅಂತ ಕರೆಯುತ್ತಾರೆ. ಕೋಟೆಯ ಮೇಲೆ ಬಿದ್ದ ಮಳೆ ನಾಲ್ಕೂ ದಿಕ್ಕಿಗೆ ಹರಿದು ಬೇಗ ಹೊರಗೆ ಹೋಗುವ ವ್ಯವಸ್ಥೆ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಾತ್ರ ಮಳೆ ಆಗುವ ಊರಿಗೆ ಅದು ಸಾಕಾಗಿತ್ತು. ಮಳೆ ವರ್ಷದಲ್ಲಿ ಕೆಲವೇ ದಿನ ಬರುತ್ತದೆ. ಬಚ್ಚಲ ನೀರು ವರ್ಷಪೂರ್ತಿ, ದಿನಾ ಬರುತ್ತದೆ. ಆ ನಾಲಿಗಳ ಮೇಲೆ ಯಾರೋ ಮೆಟ್ಟಿಲು ಕಟ್ಟಿದರು, ಯಾರೋ ಅಂಗಡಿ ಮುಂದಕ್ಕೆ ತಂದರು, ಕೆಲವು ಕಡೆ ಕೊಳಚೆಯನ್ನೂ ಅದಕ್ಕೇ ಬಿಟ್ಟರು. ಆಮೇಲೆ ಒಳಚರಂಡಿ ಹಾಕಿದರು, ನಿಜ. ಆದರೆ ಆ ಪೈಪಿನ ಜೋಡಣೆಗಳೇ ಸೋರಿದರೆ ನೀರು ಕಣ್ಣಿಗೆ ಕಾಣದ ಹಾಗೆ ನೇರವಾಗಿ ಜೇಡಿಪದರಕ್ಕೇ ಇಳಿಯುತ್ತದೆ. ತೆರೆದ ಗಟಾರಕ್ಕಿಂತ ಇದು ಜಾಸ್ತಿ ಅಪಾಯ.

ನಿಮ್ಮ ಅಡುಗೆಮನೆ ಗೋಡೆಗೆ ಮಾತ್ರ ಸಿಮೆಂಟ್ ಹಚ್ಚಿಸಬೇಡಿ. ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಅಲ್ಲಿನ ಹಳೆ ಗೋಡೆಗಳಲ್ಲಿ ಎಷ್ಟೋ ಕಡೆ ಗಾರೆಯೇ ಇಲ್ಲ. ಕಲ್ಲಿಗೆ ಕಲ್ಲು ಕೂಡಿಸಿ ಕಬ್ಬಿಣದ ಕೊಂಡಿ ಹಾಕಿರುತ್ತಾರೆ. ಗೋಡೆ ಉಸಿರಾಡಬೇಕು. ಸಿಮೆಂಟ್ ಹಚ್ಚಿದರೆ ಹಸಿ ಹೊರಗೆ ಬರಲಾಗದೆ ಮೇಲಕ್ಕೆ ಏರುತ್ತದೆ, ಉಪ್ಪು ಕಲ್ಲಿನ ಒಳಗೇ ಗಟ್ಟಿಯಾಗಿ ಕಲ್ಲನ್ನು ಒಡೆಯುತ್ತದೆ. ಸುಣ್ಣದ ಗಾರೆ ಮಾಡುವವರು ಆ ಊರಲ್ಲಿ ಇನ್ನೂ ಇದ್ದಾರೆ, ಹುಡುಕಿ.

ಬೆಂಗಳೂರು ಸುತ್ತಾಟ

ಸರ್, ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಡುತ್ತೆ. ದಿನಾ ಬಚ್ಚಲ ನೀರು ಬೀಳುವುದು ಜನ ಇರುವುದಕ್ಕೇ ಅಲ್ವಾ?

ಹೊಸಪೇಟೆ ಹುಡುಗ

ಅಣ್ಣ, ಹಂಪಿಯಲ್ಲಿ ಏನಾಯ್ತು ಅಂತ ಹೇಳಲೇಬೇಕು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಇದ್ದ ಮನೆ, ಅಂಗಡಿಗಳನ್ನು ಒಡೆದರು. ನಮ್ಮ ಸೋದರತ್ತೆಯ ಅಂಗಡಿಯೂ ಅದರಲ್ಲಿತ್ತು. ಸ್ಮಾರಕ ಉಳಿಸಬೇಕು ಅನ್ನುವುದರಲ್ಲಿ ಯಾರಿಗೂ ಎರಡು ಮಾತಿಲ್ಲ. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿದ್ದು ತಪ್ಪೇ. ಆದರೆ ಬದಲಿ ಜಾಗ ಕಡ್ಡಿರಾಂಪುರದಲ್ಲಿ ಅಂತ ಹೇಳಿದ್ದು ಕೈಗೆ ಸಿಗುವ ಹೊತ್ತಿಗೆ ಜನ ಹಣ್ಣಾಗಿದ್ದರು. ಮೊದಲು ಜನರನ್ನು ಎಬ್ಬಿಸಿದರು, ನೀರು, ರಸ್ತೆ, ಮನೆ ಎಲ್ಲಾ ಆಮೇಲೆ.

ಇವತ್ತು ಆ ಬೀದಿಯಲ್ಲಿ ಸಂಜೆ ನಡೆದರೆ ಅಗಲವಾಗಿದೆ, ಸ್ವಚ್ಛವಾಗಿದೆ. ತೇರಿನ ದಿನ ಬಿಟ್ಟರೆ ಅಲ್ಲಿ ಊರು ಅನ್ನುವುದು ಇಲ್ಲ. ಜೈಸಲ್ಮೇರ್ ಕೋಟೆಯಲ್ಲಿರುವವರ ವಿಷಯ ಇನ್ನೂ ಬೇರೆ. ಅವರು ಮಂಟಪಕ್ಕೆ ಆಮೇಲೆ ಬಂದು ಸೇರಿದವರಲ್ಲ. ಅವರ ಹಿರಿಯರಿಗಾಗಿಯೇ ಆ ಮನೆಗಳನ್ನು ಕಟ್ಟಿದ್ದು.

ಬಚ್ಚಲ ನೀರು ಜನರಿಂದ ಬರುತ್ತೆ, ಸರಿ. ಹೋಟೆಲ್‌ನಿಂದ ಎಷ್ಟು ಬರುತ್ತೆ, ಮನೆಯಿಂದ ಎಷ್ಟು ಬರುತ್ತೆ ಅಂತ ಬೇರೆ ಬೇರೆ ಅಳೆಯಲಿ. ಕಡಿಮೆ ಮಾಡಬೇಕಾದರೆ ಹೋಟೆಲ್ ಕೋಣೆಗಳಿಂದ ಶುರು ಮಾಡಲಿ. ಮನೆಯವರನ್ನು ಎಬ್ಬಿಸಿ ಹೋಟೆಲ್ ಉಳಿಸಿದರೆ ಏನು ಬಂತು?

ಬೆಳಗಾವಿ ಜವಾನ

ನಾನು ಗಡಿ ಕಾಯುವ ಕೆಲಸದಲ್ಲಿ ಜೈಸಲ್ಮೇರ್ ಜಿಲ್ಲೆಯಲ್ಲಿದ್ದೆ, ಈಗ ನಿವೃತ್ತ. ಎಲ್ಲರೂ ಕೋಟೆ ಮಾತಾಡುತ್ತಿದ್ದೀರಿ, ಗಡೀಸರದ ಬಗ್ಗೆ ಯಾರೂ ಬರೆಯಲಿಲ್ಲ. ಊರಿನ ಅಭಿವೃದ್ಧಿ ಎಲ್ಲಿ ತಪ್ಪಿತು ಅನ್ನುವುದು ಆ ಕೆರೆಯ ದಂಡೆಯಲ್ಲಿ ನಿಂತರೆ ಕಾಣುತ್ತದೆ.

14ನೇ ಶತಮಾನದಲ್ಲಿ ಮಹಾರಾವಲ್ ಘಡಸಿ ಮಾಡಿಸಿದ ಕೆರೆ ಅದು. 1965ರ ತನಕ ಊರಿಗೆ ನೀರು ಅಲ್ಲಿಂದಲೇ. ಕೆರೆಗೆ ನೀರು ಹರಿದು ಬರುವ ಬಯಲಿಗೆ ಆಗೋರ್ ಅನ್ನುತ್ತಾರೆ. ಆ ಬಯಲಲ್ಲಿ ಚಪ್ಪಲಿ ಹಾಕಿ ನಡೆಯುವ ಹಾಗಿರಲಿಲ್ಲ, ದನ ಬಿಡುವ ಹಾಗಿರಲಿಲ್ಲ, ಬಹಿರ್ದೆಸೆಗೆ ಹೋಗುವುದಂತೂ ಇಲ್ಲವೇ ಇಲ್ಲ. ಮಳೆಗಾಲದ ಮೊದಲು ಊರವರೇ ಹೋಗಿ ಗುಡಿಸುತ್ತಿದ್ದರು ಅಂತ ನಮ್ಮ ಠಾಣೆಗೆ ಹಾಲು ತರುತ್ತಿದ್ದ ಹಿರಿಯರು ಹೇಳುತ್ತಿದ್ದರು. ಗಡೀಸರ ತುಂಬಿ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಗೋವಿಂದಸರ, ಜೋಶಿಸರ, ಗುಲಾಬಸರ, ಭಾಟಿಯಾಸರ ಹೀಗೆ ಸಾಲು ಸಾಲು. ಒಂದು ಹನಿ ದಂಡ ಆಗುತ್ತಿರಲಿಲ್ಲ.

ಈಗ ಆಗೋರ್ ಒಳಗೇ ರಸ್ತೆ, ಕಟ್ಟಡ. ಕೆಳಗಿನ ಎಷ್ಟೋ ಕೆರೆಗಳು ಹೆಸರಿಗೆ ಮಾತ್ರ ಉಳಿದಿವೆ. ಗಡೀಸರದಲ್ಲಿ ಇವತ್ತು ಕಾಣುವ ನೀರು ಇಂದಿರಾ ಗಾಂಧಿ ಕಾಲುವೆಯಿಂದ ಬಿಟ್ಟದ್ದು, ಪ್ರವಾಸಿಗರ ದೋಣಿ ತೇಲಲಿ ಅಂತ. ಪಂಜಾಬಿನ ಹರಿಕೆಯಿಂದ ಹೊರಟ ನೀರು ನೂರಾರು ಕಿಲೋಮೀಟರ್ ಬರಬೇಕು. ಕಾಲುವೆಯನ್ನು ನಾನು ಕೀಳು ಮಾಡುತ್ತಿಲ್ಲ. ಅದು ಬಂದಿದ್ದಕ್ಕೇ ಮೋಹನಗಡದ ಕಡೆ ಹೊಲ ಹಸಿರಾಗಿದೆ, ಹೆಣ್ಣುಮಕ್ಕಳ ತಲೆ ಮೇಲಿನ ಕೊಡ ಇಳಿದಿದೆ. ಬೇಸಿಗೆಯಲ್ಲಿ ನಾವೂ ಅದೇ ನೀರು ಕುಡಿದವರು. ಆದರೆ ಕಾಲುವೆ ಬಂತು ಅಂತ ಆಗೋರ್ ಕೈಬಿಟ್ಟದ್ದು ಅನ್ಯಾಯ. ಕಾಲುವೆಯನ್ನು ರಿಪೇರಿಗೆ ಮುಚ್ಚಿದಾಗ ಊರಿನ ಗತಿ ಏನು ಅಂತ ಅಲ್ಲಿದ್ದವರಿಗೆ ಗೊತ್ತು.

ಗದಗಿನ ಮಗಳು

ಸರ್, ಕಾಲುವೆ ಮುಚ್ಚಿದಾಗ ಟ್ಯಾಂಕರ್ ಬರುತ್ತದೆ. ಕೋಟೆಯ ಮೇಲಿನ ಓಣಿಗಳಿಗೆ ಟ್ಯಾಂಕರ್ ಹತ್ತುವುದಿಲ್ಲ. ಕೆಳಗೆ ನಿಂತು ಕೊಡ, ಕ್ಯಾನು ಹೊತ್ತು ಗಣೇಶ್ ಪೋಲ್ ಏರಬೇಕು. ವಯಸ್ಸಾದವರಿಗೆ ಬಹಳ ಕಷ್ಟ. ಮಾಜೀಸಾಗೆ ನಾನೇ ತಂದುಕೊಡುತ್ತೇನೆ.

ಪಾವಗಡ ರೈತ

ನಮಸ್ಕಾರ ಮೇಡಂ. ನಿಮ್ಮ ಮನೆಯವರು ಗಾಳಿಯಂತ್ರದ ಕೆಲಸ ಅಂದ್ರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮಲ್ಲಿ ಸೋಲಾರ್ ಪಾರ್ಕ್ ಬಂದಾಗ ನೆಲ ಮಾರಿಸಲಿಲ್ಲ. ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಸುಮಾರು 13,000 ಎಕರೆ ಹಾಗೆ ಹೋಯಿತು. ಕೂಲಿಯವರಿಗೆ, ಕುರಿ ಸಾಕುವವರಿಗೆ ನ್ಯಾಯ ಸಿಗಲಿಲ್ಲ ಅನ್ನುವ ದೂರು ಈಗಲೂ ಇದೆ. ಆದರೂ ಪಹಣಿಯಲ್ಲಿ ನಮ್ಮ ಹೆಸರೇ ಇದೆ. ಜೈಸಲ್ಮೇರ್ ಕಡೆ ಹೇಗೆ?

ಗದಗಿನ ಮಗಳು

ಅಣ್ಣ, ಇಲ್ಲಿ ತಕರಾರು ಜಾಸ್ತಿ ಇರುವುದು ಓರಣ್ ವಿಷಯಕ್ಕೆ. ಓರಣ್ ಅಂದರೆ ದೇವರ ಹೆಸರಿಗೆ ಬಿಟ್ಟ ಕಾಡು. ಕೊಡಲಿ ಹಾಕುವ ಹಾಗಿಲ್ಲ, ಒಂಟೆ, ಕುರಿ, ಆಕಳು ಮೇಯಬಹುದು. ನಮ್ಮ ದೇವರಕಾಡಿನ ತರಹ. ದೇಗರಾಯ್ ಮಾತಾ ಓರಣ್ ಅಂತ ಬಹಳ ದೊಡ್ಡದಿದೆ. ಇಂಥ ಓರಣ್‌ಗಳು ಎಷ್ಟೋ ಕಡೆ ಕಂದಾಯ ದಾಖಲೆಯಲ್ಲಿ ಸರ್ಕಾರಿ ಪಾಳುಭೂಮಿ ಅಂತಲೇ ಇವೆ. ಪಾಳುಭೂಮಿ ಅಂತ ಬರೆದ ಮೇಲೆ ಕಂಪನಿಗೆ ಕೊಡುವುದು ಸುಲಭ. ಹಳ್ಳಿಯವರಿಗೆ ಗುತ್ತಿಗೆ ದುಡ್ಡೂ ಇಲ್ಲ, ಹುಲ್ಲೂ ಇಲ್ಲ. ಖೇಜ್ಡಿ ಮರ ಕಡಿಯುತ್ತಾರೆ, ಅದು ಈ ರಾಜ್ಯದ ಮರ. ಹೈಟೆನ್ಷನ್ ತಂತಿಗೆ ಬಡಿದು ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಸಾಯುತ್ತದೆ. ಅದರ ಸಲುವಾಗಿ ತಂತಿ ನೆಲದೊಳಗೆ ಹಾಕಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲವಾಯಿತು. ಅದೇ ವರ್ಷ ಡಿಸೆಂಬರ್ 18ಕ್ಕೆ ಬಂದ ಇನ್ನೊಂದು ತೀರ್ಪಿನಲ್ಲಿ ರಾಜಸ್ಥಾನದ ಓರಣ್‌ಗಳನ್ನು ಸರ್ವೆ ಮಾಡಿ ಕಾಡು ಅಂತ ದಾಖಲಿಸಿ ಎಂದು ಕೋರ್ಟ್ ಹೇಳಿದೆ. ಹಳ್ಳಿಯವರು ಆ ಸರ್ವೆ ಆಗಲಿ ಅಂತ ಪಾದಯಾತ್ರೆ ಮಾಡುತ್ತಿದ್ದಾರೆ.

ನಮ್ಮ ಅನ್ನ ಗಾಳಿಯಂತ್ರದಿಂದಲೇ ಬರುತ್ತದೆ. ಹಾಗಂತ ಸುಮ್ನೆ ಇರಲು ನನಗೆ ಆಗುವುದಿಲ್ಲ. ಯಂತ್ರ ಬೇಕು, ಅದು ಯಾವ ಜಾಗದಲ್ಲಿ ಅಂತ ಅಲ್ಲಿನವರನ್ನು ಕೇಳಿ ಹಾಕಬೇಕು. ನಮ್ಮ ಯಜಮಾನರ ಮಾತೂ ಇದೇ.

ಬೆಂಗಳೂರು ಸುತ್ತಾಟ

ಹಂಪಿ ವಿಷಯ ಓದಿದ ಮೇಲೆ ನಾನು ಕೇಳಬೇಕಾದ ಪ್ರಶ್ನೆಯೇ ಬೇರೆ ಅನ್ನಿಸುತ್ತಿದೆ. ಜನ ಒಳಗೇ ಇರಲಿ. ಹಾಗಿದ್ದರೆ ಮೊದಲು ಮಾಡಬೇಕಾದ ಕೆಲಸ ಯಾವುದು? ದುಡ್ಡು ಎಲ್ಲಿಂದ? ಪ್ರವಾಸಿಗರಿಂದ ತಗೊಳ್ಳುವುದಾದರೆ ನಾನಂತೂ ಕೊಡಲು ತಯಾರಿದ್ದೇನೆ.

ಧಾರವಾಡ ನಿವೃತ್ತ ಇಂಜಿನಿಯರ್

ಒಳ್ಳೆ ಪ್ರಶ್ನೆ ತಮ್ಮ. ಹೊಸದಾಗಿ ಏನಾದರೂ ಕಟ್ಟುವುದಕ್ಕೆ ಮೊದಲು ಈಗ ಇರುವ ಪೈಪು ಎಲ್ಲಿ ಸೋರುತ್ತಿದೆ ಅಂತ ನೋಡಬೇಕು. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ವಿಧಾನ ದೊಡ್ಡ ಊರುಗಳಲ್ಲಿ ಮಾಮೂಲಿ ಆಗಿದೆ. ಕೋಟೆ ಚಿಕ್ಕದು, ಪೂರಾ ನೋಡಬಹುದು. ಕುಡಿಯುವ ನೀರಿನ ಪೈಪನ್ನೂ ಬಿಡಬಾರದು. ಮೇಲೆ ಬಿಟ್ಟ ನೀರೆಷ್ಟು, ಮನೆಗಳಿಗೆ ತಲುಪಿದ್ದೆಷ್ಟು ಅಂತ ಅಳೆದರೆ ನಡುವೆ ಗುಡ್ಡ ಕುಡಿದದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಘೂಟ್ ನಾಲಿಯನ್ನು ಮಳೆಗೆ ಮಾತ್ರ ಇಟ್ಟುಕೊಳ್ಳಬೇಕು. ಅದರ ಮೇಲಿರುವ ಕಟ್ಟೆ, ಮೆಟ್ಟಿಲು ತೆಗೆಯಬೇಕು. ಅಲ್ಲಿ ಊರವರು ಬಿಟ್ಟುಕೊಡಬೇಕಾಗುತ್ತದೆ, ಅಂಗಡಿಯವರು ಇನ್ನೂ ಜಾಸ್ತಿ. ಇದನ್ನು ಮುಚ್ಚಿಟ್ಟು ಹೇಳಿದರೆ ಪ್ರಯೋಜನ ಇಲ್ಲ.

ಇನ್ನು ಅನುಮತಿ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆದರೆ ಇದ್ದ ಮನೆಯ ರಿಪೇರಿಗೆ ಅನುಮತಿ ಪಡೆಯಲು ದಾರಿ ಇದೆ. ಜನ ಬೇಸತ್ತು ಅರ್ಜಿ ಹಾಕದೇ ರಾತ್ರೋರಾತ್ರಿ ಸಿಮೆಂಟ್ ಹಾಕಿಬಿಡುತ್ತಾರೆ, ಅದೇ ಜಾಸ್ತಿ ಹಾನಿ. ಕೋಟೆಯೊಳಗೇ ವಾರಕ್ಕೊಂದು ದಿನ ಒಬ್ಬ ಅಧಿಕಾರಿ ಕೂತು ಅರ್ಜಿ ತಗೊಂಡು, ಹೀಗೆ ಸುಣ್ಣ ಹಾಕಿ, ಇಂಥ ಕಲ್ಲು ತನ್ನಿ ಅಂತ ಹೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ದುಡ್ಡಿನ ವಿಷಯ. ಹೊಸ ಕಾಮಗಾರಿಗೆ ಒಂದೇ ಸಲ ದೊಡ್ಡ ಮೊತ್ತ ಬರುತ್ತದೆ, ಉದ್ಘಾಟನೆಯ ಕಲ್ಲೂ ಬರುತ್ತದೆ. ಚರಂಡಿ ಗುಂಡಿಯ (ಚೇಂಬರ್) ಮುಚ್ಚಳ ತೆಗೆದು ಹೂಳು ಎತ್ತುವವರ ಸಂಬಳಕ್ಕೆ ಪ್ರತಿವರ್ಷ ಬೇಕಾಗುವ ಚಿಕ್ಕ ಮೊತ್ತ ಬರುವುದಿಲ್ಲ. ನನ್ನ ಸೇವೆಯಲ್ಲಿ ಎಲ್ಲಾ ಊರಲ್ಲೂ ಇದನ್ನೇ ಕಂಡೆ. ಹೋಟೆಲ್ ಕೋಣೆಗೆ ಒಂದು ನಿರ್ವಹಣೆ ಶುಲ್ಕ ಹಾಕಿ, ಅದು ಕೋಟೆಯ ಚರಂಡಿಗೇ ಖರ್ಚಾಗಬೇಕು ಅಂತ ಕಟ್ಟುಪಾಡು ಮಾಡಲಿ. ಹೂಳು ಎತ್ತುವ ಕೆಲಸಕ್ಕೆ ಯಂತ್ರ ಇರಲಿ. ಯಾರನ್ನೂ ಚೇಂಬರ್ ಒಳಗೆ ಇಳಿಸಬಾರದು.

ಬೆಳಗಾವಿ ಜವಾನ

ಇಂಜಿನಿಯರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ಆಗೋರ್ ಗಡಿ ಗುರುತಿಸಿ ಕಲ್ಲು ನೆಡಲಿ. ಕಟ್ಟಿದ್ದನ್ನು ಒಡೆಯುವ ಜಗಳ ಆಮೇಲೆ ಇರಲಿ, ಉಳಿದ ಬಯಲಾದರೂ ಉಳಿಯಲಿ. ಹಿಂದೆ ಇಲ್ಲಿದ್ದ ಪಾಲೀವಾಲ್ ಸಮುದಾಯದವರು ಮಾಡಿದ ಖಡೀನ್ ಅನ್ನುವ ಹೊಲಗಳಲ್ಲಿ ಇವತ್ತಿಗೂ ಗೋಧಿ, ಕಡಲೆ ಬೆಳೆಯುತ್ತಾರೆ. ಕಲ್ಲುನೆಲದ ಮೇಲೆ ಹರಿದ ಮಳೆಯನ್ನು ಮಣ್ಣಿನ ಏರಿ ಹಾಕಿ ನಿಲ್ಲಿಸಿ, ಇಂಗಿದ ಮೇಲೆ ಆ ಹಸಿಯಲ್ಲೇ ಬಿತ್ತುವುದು. ಇಷ್ಟು ತಿಳಿದ ಜನ ಇರುವ ಜಿಲ್ಲೆ ಅದು. ಯೋಜನೆ ಬರೆಯುವ ಕೋಣೆಗೆ ಅವರನ್ನು ಕರೆಯಬೇಕು.

ಗದಗಿನ ಮಗಳು

ಎಲ್ಲರಿಗೂ ಧನ್ಯವಾದ. ಇಂಜಿನಿಯರ್ ಕಾಕಾ ಬರೆದಿದ್ದನ್ನು ಹಿಂದಿಗೆ ತಿರುಗಿಸಿ ಓಣಿಯವರಿಗೆ ಓದಿ ಹೇಳಿದೆ. ಕಟ್ಟೆ, ಮೆಟ್ಟಿಲು ತೆಗೆಯಬೇಕು ಅಂದಾಗ ಇಬ್ಬರು ಅಂಗಡಿಯವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಬ್ಬರು ವಾಪಸ್ ಬಂದು, "ಎಲ್ಲರದ್ದೂ ತೆಗೆದರೆ ನಮ್ಮದೂ ತೆಗೀತೀವಿ, ಒಬ್ಬರದ್ದೇ ಆಗಬಾರದು" ಅಂದರು. ಮಾಜೀಸಾ ಮೊದಲ ಸಹಿ ಹಾಕಿದ್ದಾರೆ. ಅರ್ಜಿಯಲ್ಲಿ ಮೂರೇ ವಿಷಯ ಇಟ್ಟಿದ್ದೇವೆ: ಪೈಪು ಪರೀಕ್ಷೆ, ವಾರಕ್ಕೊಮ್ಮೆ ಕೋಟೆಯೊಳಗೆ ಅಧಿಕಾರಿ, ಹೂಳು ಎತ್ತಲು ಪ್ರತಿವರ್ಷದ ಹಣ. ಹೋಟೆಲ್ ಶುಲ್ಕದ ಮಾತು ಬೇರೆ ಕಾಗದದಲ್ಲಿ ಕೊಡೋಣ ಅಂತ ಆಯ್ತು. ಹೋಟೆಲ್ ನಡೆಸುವವರೂ ಇದೇ ಓಣಿಯವರು, ಅವರ ಜೊತೆ ಕೂತು ಮಾತಾಡದೇ ಬರೆಯುವುದು ಸರಿಯಲ್ಲ.

ಹೊಸಪೇಟೆ ತಮ್ಮಾ, ಹಂಪಿಯಲ್ಲಿ ಬದಲಿ ಜಾಗಕ್ಕೆ ಜನ ಕೊಟ್ಟ ಮನವಿಗಳ ಪ್ರತಿ ನಿಮ್ಮ ಸೋದರತ್ತೆ ಹತ್ತಿರ ಇದ್ದರೆ ಕಳಿಸಿಕೊಡಿ. ಹೊರಗೆ ಹೋಗಿ ಅನ್ನುವ ಮಾತು ಯಾವತ್ತಾದರೂ ಇಲ್ಲಿ ಬಂದರೆ ಓಣಿಯವರ ಕೈಯಲ್ಲಿ ಅದು ಇರಬೇಕು.

ಹೊಸಪೇಟೆ ಹುಡುಗ

ಇದೆ ಅಕ್ಕ, ಟ್ರಂಕಿನಲ್ಲಿ ಇಟ್ಟಿದ್ದಾರೆ. ಭಾನುವಾರ ಹೋಗಿ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ಕನ್ನಡದಲ್ಲಿದೆ, ಹಿಂದಿ ನೀವೇ ಮಾಡಿಕೊಳ್ಳಬೇಕು.